ನಿಷ್ಠೆಗೆ ಎಷ್ಟು ಪಾಯಿಂಟು?



ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಈಚೆಗೆ ಭಾನುವಾರದ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನನ್ನನ್ನು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದ. ಸವಳಂಗ ರಸ್ತೆಯ ಮನೆಯಲ್ಲಿ ಬೆಳೆದ ಹುಡುಗ. ಅದೇ ರಸ್ತೆಯಲ್ಲಿ, ನವುಲೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಈಗ ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಾನೆ. ತಿಂಗಳಿಗೆ ಮೂರು ನಾಲ್ಕು ಸಲ ಕಂಪನಿಯ ಕೆಲಸಕ್ಕೆಂದು ದೆಹಲಿ, ಮುಂಬಯಿ ಎಂದು ವಿಮಾನದಲ್ಲಿ ಓಡಾಡುತ್ತಾನೆ. "ಫಾದರ್, ಟಿಕೆಟ್ಟಿನ ದುಡ್ಡು ಕಂಪನಿಯದು. ಅದರಿಂದ ಬರುವ ಪಾಯಿಂಟು ಮಾತ್ರ ನನ್ನ ಹೆಸರಿಗೆ ಜಮೆಯಾಗುತ್ತದೆ. ಆ ಪಾಯಿಂಟಿನಲ್ಲಿ ಅಮ್ಮನನ್ನು ತಿರುಚ್ಚಿಯವರೆಗೆ ವಿಮಾನದಲ್ಲಿ ಕೂರಿಸಿಕೊಂಡು ಹೋಗಿ ವೇಳಾಂಗಣ್ಣಿ ಮಾತೆಯ ದರ್ಶನ ಮಾಡಿಸಬೇಕೆಂದಿದ್ದೇನೆ. ಅದು ಕದ್ದ ಹಾಗಾಗುತ್ತದೆಯೇ?" ಎಂದ. (ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ, ಹತ್ತು ಜನರ ನಡುವೆ ಕಾಫಿ ಕುಡಿಯುತ್ತಾ ಕೇಳಿದ್ದು. ಬರೆಯಲು ಅವನ ಒಪ್ಪಿಗೆಯನ್ನೂ ಪಡೆದಿದ್ದೇನೆ.)

ಪಕ್ಕದಲ್ಲಿದ್ದವರು ನಕ್ಕರು. ಕಂಪನಿಗೆ ಕೋಟಿಗಟ್ಟಲೆ ಲಾಭ, ನಿನ್ನ ನಾಲ್ಕು ಪಾಯಿಂಟಿಗೆ ಯಾರಪ್ಪಾ ಲೆಕ್ಕ ಕೇಳುತ್ತಾರೆ ಎಂದರು. ನನಗೆ ಮಾತ್ರ ನಗಲಾಗಲಿಲ್ಲ. ಕೇಳಿದವನ ಮನಸ್ಸಾಕ್ಷಿ ಎಚ್ಚರವಾಗಿದೆ ಎಂಬ ಸಂತೋಷ ಒಂದು ಕಡೆ. ಆ ಪ್ರಶ್ನೆಯೊಳಗೆ ಇನ್ನೂ ಎರಡು ಮೂರು ಪ್ರಶ್ನೆಗಳು ಅಡಗಿವೆಯಲ್ಲಾ ಎಂಬ ಯೋಚನೆ ಇನ್ನೊಂದು ಕಡೆ.

ವಿಮಾನದ ಮಾತು ನಮಗೇಕೆ ಎಂದು ನೀವು ಕೇಳಬಹುದು. ಹತ್ತು ವರ್ಷದ ಹಿಂದೆ ಆಗಿದ್ದರೆ ನಾನೂ ಹಾಗೆಯೇ ಕೇಳುತ್ತಿದ್ದೆ. ಆಗ ಶಿವಮೊಗ್ಗದಿಂದ ಬೆಂಗಳೂರಿಗೆ ರಾತ್ರಿ ಬಸ್ಸು, ಇಲ್ಲವೇ ರೈಲು. ಆದರೆ 2023ರ ಫೆಬ್ರುವರಿ 27ರಂದು ಸೋಗಾನೆಯಲ್ಲಿ ನಮ್ಮ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ರಾಷ್ಟ್ರಕವಿ ಕುವೆಂಪು ಅವರ ಹೆಸರನ್ನು ಅದಕ್ಕೆ ಇಡಲಾಯಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಇಂಡಿಗೋ ಕಂಪನಿಯ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಅಂದಿನಿಂದ ಅಡಿಕೆ ಮಂಡಿಯವರ ಬಾಯಲ್ಲೂ, ನಿವೃತ್ತ ಮೇಷ್ಟ್ರ ಬಾಯಲ್ಲೂ ವಿಮಾನದ ಮಾತು ಸಲೀಸಾಗಿ ಬರುತ್ತದೆ. ವಿಮಾನ ಬಂದ ಮೇಲೆ ಅದರ ಹಿಂದೆಯೇ ಅದರ ಪಾಯಿಂಟುಗಳೂ ಮನೆಯೊಳಗೆ ಬಂದಿವೆ.

ಈ ಯೋಜನೆ ಹುಟ್ಟಿದ ಬಗೆಯನ್ನು ಸ್ವಲ್ಪ ನೋಡೋಣ. ಅಮೆರಿಕದಲ್ಲಿ 1978ರವರೆಗೆ ವಿಮಾನದ ದರವನ್ನೂ ಮಾರ್ಗವನ್ನೂ ಸರಕಾರವೇ ನಿಗದಿ ಮಾಡುತ್ತಿತ್ತು. ಆ ವರ್ಷ ಕಾನೂನು ಬದಲಾಗಿ ಕಂಪನಿಗಳ ನಡುವೆ ಪೈಪೋಟಿ ಶುರುವಾಯಿತು. ಒಂದು ಕಂಪನಿಯ ವಿಮಾನಕ್ಕೂ ಇನ್ನೊಂದರ ವಿಮಾನಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ; ಗ್ರಾಹಕನನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ? 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ಒಂದು ಉಪಾಯ ಹೂಡಿತು. ಟಿಕೆಟ್ ಕಾದಿರಿಸುವ ತನ್ನ ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಬರುವ ದೂರವಾಣಿ ಸಂಖ್ಯೆಗಳನ್ನು ಹುಡುಕಿಸಿ, ಪದೇ ಪದೇ ಪ್ರಯಾಣಿಸುವವರು ಯಾರೆಂದು ಪತ್ತೆ ಹಚ್ಚಿತು. ಅವರು ಹಾರಿದ ಮೈಲಿಗಳನ್ನು ಲೆಕ್ಕವಿಟ್ಟು, ಇಷ್ಟು ಮೈಲಿಯಾದರೆ ಒಂದು ಟಿಕೆಟ್ ಉಚಿತ ಎಂದಿತು. ಒಂದೇ ವಾರದಲ್ಲಿ ಯುನೈಟೆಡ್ ಕಂಪನಿಯೂ ಅದನ್ನೇ ಮಾಡಿತು. ಆಮೇಲೆ ಇಡೀ ಜಗತ್ತು. ನಮ್ಮ ಏರ್ ಇಂಡಿಯಾದಲ್ಲಿ 1990ರ ದಶಕದಲ್ಲಿ ಈ ಪದ್ಧತಿ ಬಂತು. 2006ರಿಂದ ಹಾರುತ್ತಿರುವ ಇಂಡಿಗೋ ಬಹಳ ಕಾಲ ಇದರ ಗೋಜಿಗೆ ಹೋಗದೆ, 2024ರಲ್ಲಿ ಬ್ಲೂಚಿಪ್ ಎಂಬ ಹೆಸರಿನಲ್ಲಿ ತಾನೂ ಶುರುಮಾಡಿತು.

ಇದರಲ್ಲಿ ತಪ್ಪೇನಿದೆ? ಮೇಲ್ನೋಟಕ್ಕೆ ಏನೂ ಇಲ್ಲ. ನಮ್ಮ ಮಾರುಕಟ್ಟೆಯಲ್ಲಿ ಇದಕ್ಕೆ ತಲೆತಲಾಂತರದಿಂದ ಒಂದು ಹೆಸರಿದೆ: ಕೊಸರು. ಹೂವಿನವಳು ಎರಡು ಮೊಳ ಅಳೆದ ಮೇಲೆ ಒಂದು ಗೇಣು ಹೆಚ್ಚಿಗೆ ಬಿಟ್ಟು ಕತ್ತರಿಸುತ್ತಾಳೆ. ತರಕಾರಿಯವನು ತೂಕ ಮುಗಿದ ಮೇಲೆ ಒಂದು ಹಿಡಿ ಕರಿಬೇವು ಚೀಲಕ್ಕೆ ಹಾಕುತ್ತಾನೆ. ಸಂಜೆಗೆ ಬಾಡಿಹೋಗುವ ಸೊಪ್ಪು, ಕೊಟ್ಟರೆ ಅವನಿಗೆ ನಷ್ಟವಿಲ್ಲ, ಪಡೆದವರಿಗೆ ಸಂತೋಷ. ವಿಮಾನದ ಖಾಲಿ ಸೀಟೂ ಅಷ್ಟೆ. ಬಾಗಿಲು ಮುಚ್ಚಿದ ಕ್ಷಣದಲ್ಲಿ ಅದರ ಬೆಲೆ ಸೊನ್ನೆ. ಅದನ್ನು ಒಬ್ಬ ಹಳೆಯ ಗಿರಾಕಿಗೆ ಕೊಟ್ಟರೆ ಕಂಪನಿ ಕಳೆದುಕೊಳ್ಳುವುದು ಅಲ್ಪ.

ಆದರೆ ಕೊಸರಿಗೂ ಪಾಯಿಂಟಿಗೂ ಎರಡು ದೊಡ್ಡ ವ್ಯತ್ಯಾಸಗಳಿವೆ. ಕೊಸರು ಕೊಡುವುದು ದುಡ್ಡು ಕೊಟ್ಟವರ ಕೈಗೆ. ಅಲ್ಲದೆ ಅದನ್ನು ಆಗಲೇ, ಅಲ್ಲೇ, ಕಣ್ಣೆದುರಿಗೆ ಕೊಡುತ್ತಾರೆ. ನಮ್ಮ ಯುವಕನ ಪ್ರಶ್ನೆ ಹುಟ್ಟುವುದೇ ಮೊದಲನೆಯ ವ್ಯತ್ಯಾಸದಿಂದ: ದುಡ್ಡು ಕೊಟ್ಟವರು ಒಬ್ಬರು, ಕೊಸರು ಪಡೆಯುವವರು ಇನ್ನೊಬ್ಬರು.

ಇದು ನಮಗೆ ಹೊಸದಲ್ಲ. ಮನೆ ಕಟ್ಟಿಸಿದವರಿಗೆಲ್ಲ ಗೊತ್ತು, ಬಣ್ಣದ ಡಬ್ಬಿಯೊಳಗೆ ಕಂಪನಿಯವರು ಪೇಂಟರಿಗೆಂದು ಟೋಕನ್ ಇಟ್ಟಿರುತ್ತಾರೆ. ಬಣ್ಣಕ್ಕೆ ಹಣ ಕೊಡುವವರು ಮನೆಯ ಯಜಮಾನರು, ಟೋಕನ್ನು ಪೇಂಟರಿನದು. ಅವನೂ ಕಷ್ಟಪಟ್ಟು ದುಡಿಯುವವನು, ಇರಲಿ ಬಿಡಿ ಎನ್ನುತ್ತೇವೆ. ಎರಡು ಡಬ್ಬಿ ಸಾಕಾಗುವಲ್ಲಿ ಮೂರು ತರಿಸಿದರೆ? ಅಗ್ಗದ ಒಳ್ಳೆಯ ಬಣ್ಣ ಬಿಟ್ಟು, ಟೋಕನ್ ಇರುವ ದುಬಾರಿ ಬಣ್ಣವೇ ಬೇಕೆಂದು ಯಜಮಾನರನ್ನು ಒಪ್ಪಿಸಿದರೆ? ಆಗ ಅದಕ್ಕೆ ನಾವು ಇಡುವ ಹೆಸರು ಬೇರೆ. ಔಷಧ ಕಂಪನಿಯ ಉಡುಗೊರೆ ಪಡೆದು ಅದೇ ಕಂಪನಿಯ ಮಾತ್ರೆ ಬರೆದುಕೊಡುವ ವೈದ್ಯರ ವಿಷಯದಲ್ಲಿ ನಮಗೆ ಯಾವ ಗೊಂದಲವೂ ಇಲ್ಲ. ಮೂರನೆಯವರ ಹಣವನ್ನು ತನ್ನ ಬಳಿ ಖರ್ಚು ಮಾಡಿಸಲೆಂದು, ಖರ್ಚು ಮಾಡುವ ಅಧಿಕಾರವಿದ್ದವನ ಕೈಗೆ ಕೊಡುವ ಉಡುಗೊರೆಯ ರೂಪುರೇಷೆ ಲಂಚದ್ದೇ. ಅದಕ್ಕೆ ಚಿನ್ನದ ಬಣ್ಣದ ಕಾರ್ಡು ಕೊಟ್ಟ ಮಾತ್ರಕ್ಕೆ ರೂಪುರೇಷೆ ಬದಲಾಗುವುದಿಲ್ಲ.

ಹಾಗಾದರೆ ಎಲ್ಲ ಪಾಯಿಂಟೂ ಲಂಚವೇ? ಅಲ್ಲ. ಸಂತ ಥಾಮಸ್ ಅಕ್ವಿನಾಸರು ಕಳವಿನ ಬಗ್ಗೆ ಹೇಳುವಾಗ ಇನ್ನೊಬ್ಬರ ವಸ್ತು ಎಂಬುದರ ಜೊತೆಗೆ ಗುಟ್ಟು ಎಂಬುದನ್ನೂ ಸೇರಿಸುತ್ತಾರೆ. ಒಡೆಯನಿಗೆ ತಿಳಿದು ಅವನೇ ಒಪ್ಪಿದ್ದರೆ ಅದು ಕಳವಲ್ಲ. ಅನೇಕ ಕಂಪನಿಗಳು ತಮ್ಮ ನೌಕರರಿಗೆ ಪಾಯಿಂಟು ಇಟ್ಟುಕೊಳ್ಳಿ ಎಂದೇ ಬಿಟ್ಟಿರುತ್ತವೆ. ಮನೆ ಬಿಟ್ಟು ಹೋಟೆಲಿನಲ್ಲಿ ಮಲಗುವ ರಾತ್ರಿಗಳಿಗೆ ಅದೊಂದು ಸಣ್ಣ ಪರಿಹಾರ ಎಂಬ ಭಾವನೆಯಿಂದ. ಬೇರೆ ಕಡೆ ಹಾಗಿಲ್ಲ. ನಮ್ಮ ಕೇಂದ್ರ ಹಣಕಾಸು ಸಚಿವಾಲಯದ ಆದೇಶವೊಂದರ ಪ್ರಕಾರ ಸರಕಾರಿ ಪ್ರಯಾಣದಲ್ಲಿ ಗಳಿಸಿದ ಪಾಯಿಂಟು ಸರಕಾರಿ ಪ್ರಯಾಣಕ್ಕೇ ಬಳಕೆಯಾಗಬೇಕು. ಸ್ವಂತಕ್ಕೆ ಬಳಸಿದ ಅಧಿಕಾರಿಯ ಮೇಲೆ ಇಲಾಖಾ ಕ್ರಮವಾಗುತ್ತದೆ. ಜರ್ಮನಿಯಲ್ಲಿ 2002ರ ಬೇಸಿಗೆಯಲ್ಲಿ ಇದೇ ವಿಷಯ ದೊಡ್ಡ ಹಗರಣವಾಯಿತು. ಸಂಸತ್ ಸದಸ್ಯರಾಗಿ ಸಾರ್ವಜನಿಕರ ಹಣದಲ್ಲಿ ಹಾರಿ ಗಳಿಸಿದ ಮೈಲಿಗಳನ್ನು ಸ್ವಂತ ಪ್ರವಾಸಕ್ಕೆ ಬಳಸಿದ್ದು ಬಯಲಾಗಿ, ಬರ್ಲಿನ್ ನಗರ ಸರಕಾರದಲ್ಲಿ ಮಂತ್ರಿಯಾಗಿದ್ದ ಗ್ರೆಗೋರ್ ಗೀಸಿ ರಾಜೀನಾಮೆ ಕೊಟ್ಟರು. ಗ್ರೀನ್ ಪಕ್ಷದ ಚೆಮ್ ಎಜ್ದೆಮಿರ್ ಕೂಡ ತಮ್ಮ ಸ್ಥಾನ ಬಿಟ್ಟುಕೊಟ್ಟರು. ಕೆಲವು ವಿಮಾನ ಟಿಕೆಟ್ಟಿನ ಬೆಲೆಯ ವಿಷಯಕ್ಕೆ ಮಂತ್ರಿ ಪದವಿ! ನಮ್ಮಲ್ಲಿ ಇದನ್ನು ಓದಿದವರು ನಗಬಹುದು. ನಗುವ ಮುನ್ನ ಒಂದು ಕ್ಷಣ ತಡೆಯಿರಿ.

ಆದ್ದರಿಂದ ಆ ಯುವಕನಿಗೆ ನಾನು ಹೇಳಿದ್ದು ಇಷ್ಟು. ಮೊದಲು ನಿನ್ನ ಮೇಲಧಿಕಾರಿಯನ್ನು ಕೇಳು. ಕೇಳಿದರೆ ಬೇಡ ಎಂದಾರು ಎಂಬ ಭಯದಿಂದ ಕೇಳದೆ ಇರುವೆಯಾದರೆ, ಉತ್ತರ ನಿನಗೆ ಆಗಲೇ ಗೊತ್ತಿದೆ ಎಂದರ್ಥ. ಒಪ್ಪಿಗೆಯಿದ್ದರೆ, ಒಂದೇ ದರ, ಒಂದೇ ಹೊತ್ತಿನ ಎರಡು ವಿಮಾನಗಳಲ್ಲಿ ಪಾಯಿಂಟು ಬರುವುದನ್ನು ಆರಿಸಿಕೊಳ್ಳಲು ಅಡ್ಡಿಯಿಲ್ಲ. ಆದರೆ ನಿನಗೆ ಮುನ್ನೂರು ರೂಪಾಯಿಯ ಪಾಯಿಂಟು ಬರಲೆಂದು ಕಂಪನಿಯಿಂದ ಸಾವಿರದೈನೂರು ಹೆಚ್ಚಿಗೆ ಕಟ್ಟಿಸಿದರೆ, ಅಮ್ಮನನ್ನು ವೇಳಾಂಗಣ್ಣಿಗೆ ಕರೆದುಕೊಂಡು ಹೋಗುವ ಉದ್ದೇಶ ಅದನ್ನು ಶುದ್ಧ ಮಾಡುವುದಿಲ್ಲ. ಒಳ್ಳೆಯ ಉದ್ದೇಶ ಕೆಟ್ಟ ದಾರಿಯನ್ನು ಒಳ್ಳೆಯದು ಮಾಡಲಾರದು ಎಂಬುದು ಗುರುಮಠದ ಮೊದಲ ವರ್ಷದ ಪಾಠ. ಮನೆಗಳಲ್ಲಿ ಅದನ್ನು ಅಜ್ಜಿಯರು ಇನ್ನೂ ಬೇಗ ಕಲಿಸುತ್ತಾರೆ.

ಇನ್ನೊಂದು ಮಾತನ್ನೂ ಸೇರಿಸಿದೆ. ಟಿಕೆಟ್ಟಿನ ಹಣ ಕಂಪನಿಯದಾದರೂ ಆ ಪ್ರಯಾಣಗಳ ಬೆಲೆಯನ್ನು ಬೇರೆ ಯಾರೋ ಕಟ್ಟಿದ್ದಾರೆ. ಮಗುವಿಗೆ ಜ್ವರ ಬಂದ ರಾತ್ರಿ ಒಬ್ಬಳೇ ಆಸ್ಪತ್ರೆಗೆ ಓಡಿದ ಹೆಂಡತಿ ಕಟ್ಟಿದ್ದಾಳೆ. ಅಪ್ಪ ಯಾವಾಗ ಬರುತ್ತಾನೆ ಎಂದು ಕೇಳಿ ಕೇಳಿ ನಿದ್ದೆಹೋದ ಮಗು ಕಟ್ಟಿದೆ. ಪಾಯಿಂಟು ನ್ಯಾಯವಾಗಿ ಮನೆಗೆ ಬಂದರೆ ಅದರಲ್ಲಿ ಮೊದಲ ಪಾಲು ಅವರದು. ಅಮ್ಮನ ಜೊತೆ ಅವರೂ ವೇಳಾಂಗಣ್ಣಿಗೆ ಹೋಗಲಿ.

ಇಲ್ಲಿಗೆ ಅವನ ಪ್ರಶ್ನೆ ಮುಗಿಯಿತು. ನನ್ನದು ಮುಗಿದಿಲ್ಲ. ಮಾತಿನ ನಡುವೆ ಅವನು ಇನ್ನೊಂದು ಸಂಗತಿ ಹೇಳಿದ್ದ. ಇಂಥ ಯೋಜನೆಗಳಲ್ಲಿ ಬೆಳ್ಳಿ, ಚಿನ್ನ, ಪ್ಲಾಟಿನಂ ಎಂದು ಮೆಟ್ಟಿಲುಗಳಿರುತ್ತವೆ. ವರ್ಷಕ್ಕೆ ಇಷ್ಟು ಹಾರಿದರೆ ಮಾತ್ರ ಚಿನ್ನದಲ್ಲಿ ಉಳಿಯಬಹುದು, ಇಲ್ಲವಾದರೆ ಬೆಳ್ಳಿಗೆ ಇಳಿಯಬೇಕು. ಚಿನ್ನ ಉಳಿಸಿಕೊಳ್ಳಲು ಒಂದು ಹಾರಾಟ ಕಡಿಮೆಬಿದ್ದಾಗ, ಅವನ ಸಹೋದ್ಯೋಗಿಯೊಬ್ಬರು ಡಿಸೆಂಬರಿನ ಒಂದು ಭಾನುವಾರ ಸ್ವಂತ ದುಡ್ಡು ಹಾಕಿ, ಯಾವ ಕೆಲಸವೂ ಇಲ್ಲದೆ, ಬೆಂಗಳೂರಿನಿಂದ ಹೈದರಾಬಾದಿಗೆ ಹೋಗಿ ಮುಂದಿನ ವಿಮಾನದಲ್ಲೇ ವಾಪಸು ಬಂದರಂತೆ. ಹೋದ ಊರನ್ನು ನೋಡಲೂ ಇಲ್ಲ. ಇದು ಅವರೊಬ್ಬರ ಹುಚ್ಚಲ್ಲ. ಹೀಗೆ ಮಾಡುವವರು ಜಗತ್ತಿನೆಲ್ಲೆಡೆ ಇದ್ದಾರೆ. ಮನುಷ್ಯನಿಗಾಗಿ ಪ್ರಯಾಣವೋ, ಪ್ರಯಾಣಕ್ಕಾಗಿ ಮನುಷ್ಯನೋ?

ಆ ಮೆಟ್ಟಿಲುಗಳಿಗೆ ಕಂಪನಿಗಳು ಇಟ್ಟಿರುವ ಹೆಸರೇ ನನ್ನನ್ನು ಹೆಚ್ಚು ಕಾಡುವುದು. ಅವರು ಅದನ್ನು ನಿಷ್ಠೆ ಎನ್ನುತ್ತಾರೆ. ನಿಷ್ಠಾವಂತ ಪ್ರಯಾಣಿಕ, ನಿಷ್ಠೆಯ ಬಹುಮಾನ. ಮದುವೆಯ ದಿನ ಪೀಠದ ಮುಂದೆ ನಿಂತು ಸುಖದಲ್ಲೂ ದುಃಖದಲ್ಲೂ ಎಂದು ಮಾತು ಕೊಡುವಾಗ ನಾವು ಯಾವ ಗುಣವನ್ನು ನೆನೆಯುತ್ತೇವೋ ಅದೇ ಪದ.

ಅರಿಸ್ಟಾಟಲ್ ಸ್ನೇಹದಲ್ಲಿ ಮೂರು ಬಗೆ ಹೇಳುತ್ತಾನೆ: ಪ್ರಯೋಜನಕ್ಕಾಗಿ ಬೆಳೆದದ್ದು, ಸಂತೋಷಕ್ಕಾಗಿ ಬೆಳೆದದ್ದು, ಆ ವ್ಯಕ್ತಿ ಒಳ್ಳೆಯವನೆಂಬ ಕಾರಣಕ್ಕೇ ಬೆಳೆದದ್ದು. ಪ್ರಯೋಜನದ ಸ್ನೇಹ ಕೆಟ್ಟದ್ದೆಂದು ಅವನು ಹೇಳುವುದಿಲ್ಲ. ನಾನೂ ಹೇಳುವುದಿಲ್ಲ; ಅಂಗಡಿಯವರಿಗೂ ಗಿರಾಕಿಗೂ ನಡುವೆ ಇರಬೇಕಾದದ್ದು ಅದೇ. ಪ್ರಯೋಜನ ಮುಗಿದ ದಿನ ಆ ಸ್ನೇಹವೂ ಮುಗಿಯುತ್ತದೆ, ಅಷ್ಟೆ. ಒಂದರ ಹೆಸರನ್ನು ಇನ್ನೊಂದಕ್ಕೆ ಅಂಟಿಸಿದಾಗ ತೊಂದರೆ ಶುರುವಾಗುತ್ತದೆ.

ಆ ಹೆಸರು ಎಷ್ಟು ಹುಸಿ ಎಂಬುದಕ್ಕೆ ಒಂದು ನ್ಯಾಯಾಲಯದ ಪ್ರಕರಣ ಕೇಳಿ. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಬಿನ್ಯೋಮಿನ್ ಗಿನ್ಸ್‌ಬರ್ಗ್ ಎಂಬ ಯೆಹೂದಿ ಧರ್ಮಗುರು ನಾರ್ತ್‌ವೆಸ್ಟ್ ಕಂಪನಿಯ ವಿಮಾನಗಳಲ್ಲಿ ಪದೇ ಪದೇ ಪ್ರಯಾಣಿಸಿ 2005ರಲ್ಲಿ ಪ್ಲಾಟಿನಂ ದರ್ಜೆ ತಲುಪಿದ್ದರು. 2008ರಲ್ಲಿ ಕಂಪನಿ ಅವರ ಸದಸ್ಯತ್ವವನ್ನೇ ರದ್ದು ಮಾಡಿತು. ಅವರು ಬಹಳ ದೂರು ಕೊಡುತ್ತಾರೆ, ಸಾಮಾನು ತಡವಾಗಿ ಬಂತು ಎಂಬಂಥ ದೂರುಗಳನ್ನು ಎಂಟು ತಿಂಗಳಲ್ಲಿ 24 ಸಲ ತಂದಿದ್ದಾರೆ ಎಂಬುದು ಕಂಪನಿಯ ವಾದ. ಯೋಜನೆಯ ನಿಯಮಾವಳಿಯಲ್ಲಿ, ಕಂಪನಿಯ ಸ್ವಂತ ತೀರ್ಮಾನವೇ ಅಂತಿಮ ಎಂದು ಬರೆದಿತ್ತು. ಗುರುಗಳು ಮೊಕದ್ದಮೆ ಹೂಡಿದರು. ಒಪ್ಪಂದ ಮಾಡಿಕೊಂಡ ಎರಡೂ ಕಡೆಯವರು ಪರಸ್ಪರ ಸದ್ಭಾವದಿಂದ ನಡೆದುಕೊಳ್ಳಬೇಕಲ್ಲವೇ ಎಂಬುದು ಅವರ ವಾದ. 2014ರ ಏಪ್ರಿಲ್ 2ರಂದು ಅಮೆರಿಕದ ಸುಪ್ರೀಂ ಕೋರ್ಟು ಸರ್ವಾನುಮತದಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು. ದರದ ಪೈಪೋಟಿಗೆ ಬಾಗಿಲು ತೆರೆದ ಆ 1978ರ ಕಾನೂನೇ ಇಂಥ ವಾದಕ್ಕೆ ಅಡ್ಡ ನಿಂತಿತು.

ಕಾನೂನಿನ ದೃಷ್ಟಿಯಿಂದ ತೀರ್ಪು ಸರಿಯಿರಬಹುದು. ನನಗೆ ಬೇಕಾದದ್ದು ಅದರ ಒಳಗಿನ ಅರ್ಥ: ಈ ನಿಷ್ಠೆ ಒಂದು ಕಡೆಯಿಂದ ಮಾತ್ರ. ಪಾಯಿಂಟಿನ ಬೆಲೆ ಏರಿಸುವುದು, ಇಳಿಸುವುದು, ಅವಧಿ ಮುಗಿಯಿತೆನ್ನುವುದು ಎಲ್ಲವೂ ಅವರ ಕೈಯಲ್ಲಿ. ಹಲವು ಕಂಪನಿಗಳ ನಿಯಮದಲ್ಲಿ ಪಾಯಿಂಟು ಸದಸ್ಯನ ಆಸ್ತಿಯೇ ಅಲ್ಲ. ನಮ್ಮ ಬೆಂಗಳೂರಿನ ಕಂಪನಿಯಾಗಿದ್ದ ಕಿಂಗ್‌ಫಿಷರ್‌ನಲ್ಲಿ ಕಿಂಗ್ ಕ್ಲಬ್ ಎಂಬ ಯೋಜನೆಯಿತ್ತು. 2005ರಲ್ಲಿ ಹಾರಲು ತೊಡಗಿದ ಆ ವಿಮಾನಗಳು 2012ರ ಅಕ್ಟೋಬರಿನಲ್ಲಿ ನಿಂತವು. ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ. ವಿಮಾನವೇ ಏಳದ ಮೇಲೆ ಪಾಯಿಂಟು ಕೂಡಿಟ್ಟವರ ಮಾತು ಕೇಳುವವರು ಯಾರು? ಸಂಬಳವಿಲ್ಲದವರ ಮುಂದೆ ಪಾಯಿಂಟು ಹೋಯಿತೆಂದು ಅಳುವುದಕ್ಕೂ ನಾಚಿಕೆಯಾಗಬೇಕು, ಅದು ಬೇರೆ ಮಾತು.

ಇತ್ತ ಭದ್ರಾವತಿಗೆ ಬನ್ನಿ. ನಿಷ್ಠೆ ಎಂದರೇನೆಂದು ತಿಳಿಯಲು ನಾನು ಹೋಗುವುದು ಅಲ್ಲಿಗೆ. 1923ರಲ್ಲಿ ಕಬ್ಬಿಣ ತಯಾರಿಸಲು ತೊಡಗಿದ, ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಾರ್ಖಾನೆ. 1930ರ ದಶಕದಲ್ಲಿ ಹುಟ್ಟಿದ ಕಾಗದ ಕಾರ್ಖಾನೆ. ಮೂರು ತಲೆಮಾರು ಅಲ್ಲಿ ದುಡಿದ ಕುಟುಂಬಗಳಿವೆ. ಸೈರನ್ನಿನ ಸದ್ದಿಗೆ ಗಡಿಯಾರ ಸರಿಮಾಡಿಕೊಂಡ ಮನೆಗಳಿವೆ. ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಆ ಆಗಸ್ಟಿನಲ್ಲಿ ಒಂದು ವಿಭಾಗದಲ್ಲಿ ಮತ್ತೆ ಕೆಲಸ ಶುರುವಾಯಿತು. ಅವರು ಕೇಳುತ್ತಿದ್ದದ್ದು ತಮ್ಮ ಪರಿಹಾರದ ಹಣವನ್ನಷ್ಟೇ ಅಲ್ಲ. ಕಾರ್ಖಾನೆ ಉಳಿಯಲಿ ಎಂದು ಕೇಳುತ್ತಿದ್ದರು. ಕೆಲಸ ಹೋದ ಮೇಲೂ ಅಲ್ಲಿನ ಹಿರಿಯರು ಅದನ್ನು "ನಮ್ಮ ಫ್ಯಾಕ್ಟರಿ" ಎಂದೇ ಕರೆಯುತ್ತಾರೆ. ಇದನ್ನು ಯಾವ ಕಂಪ್ಯೂಟರ್ ಲೆಕ್ಕ ಹಾಕುತ್ತದೆ?

ಪ್ರತಿಫಲ ನಿಂತ ಮೇಲೂ ಉಳಿಯುವುದಕ್ಕೆ ನಮ್ಮ ಭಾಷೆಯಲ್ಲಿ ನಿಷ್ಠೆ ಎಂಬ ಪದವಿದೆ. ಪ್ರತಿಫಲ ಇರುವವರೆಗೆ ಮಾತ್ರ ಉಳಿಯುವುದನ್ನು ಗಿರಾಕಿತನ ಎನ್ನೋಣ. ಹಾಗೆಂದು ಭದ್ರಾವತಿಯ ಆ ನಿಷ್ಠೆಯನ್ನು ಹೊಗಳಿ ಕೈತೊಳೆದುಕೊಳ್ಳುವುದೂ ಅನ್ಯಾಯವೇ. ನಿಷ್ಠೆ ತೋರಿದವರಿಗೆ ಸಂಸ್ಥೆಗಳು ಕೊಡಬೇಕಾದ ಋಣ ಒಂದಿದೆ: ಬಾಕಿಯಿಲ್ಲದ ಸಂಬಳ, ಮುಂಚಿತವಾಗಿ ಹೇಳಿದ ಸತ್ಯ, ಮುಪ್ಪಿಗೆ ಆಧಾರ. ಬಹುಮಾನವಲ್ಲ, ಬಾಕಿ. ನಮ್ಮ ಕಾಲದ ವಿಚಿತ್ರ ನೋಡಿ, ಮೂವತ್ತು ವರ್ಷ ದುಡಿದವನು ಬಾಕಿಗಾಗಿ ಧರಣಿ ಕೂರಬೇಕು. ಮೂವತ್ತು ಸಲ ಹಾರಿದವನಿಗೆ ಬಹುಮಾನ ಕರೆದು ಕೊಡುತ್ತಾರೆ.

ಅದೂ ಎಲ್ಲರಿಗಲ್ಲ. ಮೊದಮೊದಲು ಹಾರಿದ ದೂರಕ್ಕೆ ತಕ್ಕಂತೆ ಮೈಲಿ ಸಿಗುತ್ತಿತ್ತು. ಅಮೆರಿಕದ ಡೆಲ್ಟಾ ಮತ್ತು ಯುನೈಟೆಡ್ ಕಂಪನಿಗಳು 2015ರಿಂದ ದೂರ ಬಿಟ್ಟು ಕೊಟ್ಟ ಹಣಕ್ಕೆ ಪಾಯಿಂಟು ಎಂದವು. ಮರುವರ್ಷ ಅಮೆರಿಕನ್ ಏರ್‌ಲೈನ್ಸ್ ಕೂಡ ಹಾಗೆಯೇ ಮಾಡಿತು. 2024ರಲ್ಲಿ ಏರ್ ಇಂಡಿಯಾ ಕೂಡ ಅದೇ ದಾರಿ ಹಿಡಿಯಿತು. ಇದರ ಹಿಂದೆ ದೊಡ್ಡ ವ್ಯಾಪಾರವಿದೆ. ಕಂಪನಿಗಳು ಪಾಯಿಂಟನ್ನು ಸಗಟಾಗಿ ಬ್ಯಾಂಕುಗಳಿಗೆ ಮಾರುತ್ತವೆ, ಬ್ಯಾಂಕುಗಳು ಕ್ರೆಡಿಟ್ ಕಾರ್ಡಿನೊಂದಿಗೆ ಅದನ್ನು ನಮಗೆ ಹಂಚುತ್ತವೆ. 2023ರಲ್ಲಿ ಡೆಲ್ಟಾ ಕಂಪನಿಗೆ ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡಿನವರಿಂದ ಬಂದ ಹಣ ಸುಮಾರು 680 ಕೋಟಿ ಡಾಲರ್. ಕೊರೋನಾ ಕಾಲದಲ್ಲಿ, 2020ರ ಸೆಪ್ಟೆಂಬರಿನಲ್ಲಿ, ವಿಮಾನಗಳು ನೆಲದ ಮೇಲೆ ನಿಂತಿದ್ದಾಗ ಅದೇ ಕಂಪನಿ ತನ್ನ ಪಾಯಿಂಟು ಯೋಜನೆಯನ್ನೇ ಅಡವಿಟ್ಟು 900 ಕೋಟಿ ಡಾಲರ್ ಸಾಲ ಎತ್ತಿತು. ಪ್ರಯಾಣಿಕರ "ನಿಷ್ಠೆ" ಅಡವಿಗೆ ಹೋಯಿತು! ಸೇಟುವಿನ ಅಂಗಡಿಯಲ್ಲಿ ತಾಳಿ ಅಡವಿಟ್ಟ ಕಥೆ ಕೇಳಿದ್ದೇವೆ, ಇದು ಕೇಳಿರಲಿಲ್ಲ.

ಹಣಕ್ಕೆ ಪಾಯಿಂಟು ಎಂದಾಗ ಯಾರು ನಿಷ್ಠಾವಂತರಾಗುತ್ತಾರೆ? ನಮ್ಮ ಧರ್ಮಕೇಂದ್ರದ ದಾದಿಯರು ಕೆಲವರು ಕೊಲ್ಲಿ ದೇಶಗಳಲ್ಲಿದ್ದಾರೆ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಾರೆ. ಅತ್ಯಂತ ಅಗ್ಗದ ಟಿಕೆಟ್ಟಿಗಾಗಿ ತಿಂಗಳುಗಟ್ಟಲೆ ಕಾದು, ಸ್ವಂತ ಸಂಬಳದಿಂದ ಕೊಂಡು, ಮಕ್ಕಳಿಗೆ ಚಾಕೊಲೇಟು ತುಂಬಿದ ಪೆಟ್ಟಿಗೆಯ ತೂಕ ಒಂದು ಕಿಲೋ ಹೆಚ್ಚಾಯಿತೆಂದು ಕೌಂಟರಿನ ಮುಂದೆ ಪೆಟ್ಟಿಗೆ ಬಿಚ್ಚಿ ನಿಲ್ಲುತ್ತಾರೆ. ಹತ್ತು ವರ್ಷ ಒಂದೇ ಕಂಪನಿಯಲ್ಲಿ ಹಾರಿದರೂ ಅವರಿಗೆ ಚಿನ್ನದ ಕಾರ್ಡು ಸಿಗದು. ಪಕ್ಕದ ಸಾಲಿನಲ್ಲಿ, ಬೇರೆಯವರ ದುಡ್ಡಿನಲ್ಲಿ ವಾರಕ್ಕೊಮ್ಮೆ ಹಾರುವವರು ಕಾಯದೆ ಮುಂದೆ ಹೋಗುತ್ತಾರೆ. ಯಾರಿಗೆ ಪ್ರಯಾಣ ಹೆಚ್ಚು ದುಬಾರಿಯೋ ಅವರಿಗೆ ಬಹುಮಾನ ಕಡಿಮೆ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿದಾಗ ಟಿಕೆಟ್ಟಿನ ದರವನ್ನೇ ಇಳಿಸಿದರು. ಮೊದಲ ಸಲ ಹತ್ತಿದವರಿಗೂ ಅದು ಸಿಕ್ಕಿತು. ಆ ಕಂಪನಿ ಉಳಿಯಲಿಲ್ಲ. ಆದರೂ ನನ್ನ ಮಟ್ಟಿಗೆ ಅದು ಹೆಚ್ಚು ನ್ಯಾಯವಾದ ಕೊಸರು.

ಇಷ್ಟೆಲ್ಲ ವಿಮಾನದವರನ್ನು ಬೈದು ನಾವು ನೆಮ್ಮದಿಯಾಗಿ ಕೂರುವಂತಿಲ್ಲ. ಲೆಕ್ಕವಿಡುವ ಮನಸ್ಸು ಅವರಿಗಿಂತ ಹಳೆಯದು. ಎಲ್ಲ ಬಿಟ್ಟು ಹಿಂಬಾಲಿಸಿದೆವಲ್ಲಾ, ನಮಗೇನು ಸಿಗುತ್ತದೆ ಎಂದು ಪೇತ್ರನೇ ಕೇಳಿದ. ಅದರ ಬೆನ್ನಿಗೇ ಸಂತ ಮತ್ತಾಯನ ಶುಭಸಂದೇಶದಲ್ಲಿ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿ ಬರುತ್ತದೆ; ಸಂಜೆ ಬಂದವನಿಗೂ ಬೆಳಗಿನಿಂದ ಬಿಸಿಲಲ್ಲಿ ಬೆಂದವನಿಗೂ ಒಂದೇ ಕೂಲಿ. ದುಂದುಗಾರ ಮಗನ ಸಾಮತಿಯಲ್ಲಿ ಹಿರಿಯ ಮಗ ಹೊರಗೆ ನಿಂತು ಮುನಿಸಿಕೊಳ್ಳುವುದೂ ಇದಕ್ಕೇ: ಇಷ್ಟು ವರ್ಷ ದುಡಿದ ನನ್ನ ಖಾತೆಯಲ್ಲಿ ಏನಿದೆ ಎಂದು. ಅವನು ಕೆಟ್ಟವನಲ್ಲ. ಮನೆಯಲ್ಲಿದ್ದುಕೊಂಡೇ ಗಿರಾಕಿಯಾಗಿಬಿಟ್ಟಿದ್ದ, ಅಷ್ಟೆ. ಒಂಬತ್ತು ಮೊದಲ ಶುಕ್ರವಾರಗಳ ಭಕ್ತಿಯನ್ನು ಎಂಟಕ್ಕೆ ತಪ್ಪಿಸಿಕೊಂಡೆ, ಮತ್ತೆ ಒಂದರಿಂದ ಎಣಿಸಬೇಕೇ ಎಂದು ಕಣ್ಣೀರಿಡುತ್ತಾ ಬರುವ ತಾಯಂದಿರಿದ್ದಾರೆ. ಅವರ ಭಕ್ತಿ ದೊಡ್ಡದು. ಆದರೆ ತಂದೆಯಾದ ದೇವರು ಅವಧಿ ಮುಗಿದ ಪಾಯಿಂಟನ್ನು ಅಳಿಸಿಹಾಕುವ ಗುಮಾಸ್ತನಲ್ಲ ಎಂದು ಅವರಿಗೆ ತಿಳಿಸಿ ಹೇಳಬೇಕಾದವರು ನಾವು ಗುರುಗಳೇ. ಮನೆಯಲ್ಲೂ ಹೀಗೆಯೇ: ಅತ್ತೆಯ ಸೇವೆ ನಾನು ಹತ್ತು ವರ್ಷ ಮಾಡಿದೆ, ನೀನೆಷ್ಟು ವರ್ಷ ಎಂದು ಸೊಸೆಯರು ಲೆಕ್ಕ ತೆಗೆದ ದಿನ ಆ ಮುದುಕಿಗೆ ಅನ್ನ ಇಳಿಯುವುದಿಲ್ಲ.

ಇನ್ನು ಸೀಟಿನ ವಿಷಯ. ಸಂತ ಯಕೋಬನು ತನ್ನ ಪತ್ರದ ಎರಡನೆಯ ಅಧ್ಯಾಯದಲ್ಲಿ, ಚಿನ್ನದುಂಗುರ ತೊಟ್ಟವನಿಗೆ ಒಳ್ಳೆಯ ಆಸನ ತೋರಿಸಿ ಬಡವನನ್ನು ನಿಲ್ಲಿಸುವ ಸಭೆಯ ಬಗ್ಗೆ ಕಟುವಾಗಿ ಬರೆದಿದ್ದಾನೆ. ವಿಮಾನದ ಮುಂದಿನ ಸಾಲನ್ನು ನೋಡಿದಾಗ ಆ ಅಧ್ಯಾಯ ನನಗೆ ನೆನಪಾಗುವುದಿಲ್ಲ. ಅಲ್ಲಿ ಹಣ ಕೊಟ್ಟವರು ಮುಂದೆ ಕೂರುತ್ತಾರೆಂದು ಎಲ್ಲರಿಗೂ ಗೊತ್ತು, ಯಾರೂ ಬೇರೆ ಹೇಳಿಲ್ಲ. ನಮ್ಮ ಹಬ್ಬಗಳ ದಿನ ನೆನಪಾಗುತ್ತದೆ. ಮೊದಲ ಎರಡು ಸಾಲಿನ ಕುರ್ಚಿಗಳಿಗೆ ಬಟ್ಟೆ ಹೊದಿಸಿ ಕಾಗದ ಅಂಟಿಸಿರುತ್ತೇವೆ, ದಾನಿಗಳಿಗೆ ಎಂದು. ನಲವತ್ತು ವರ್ಷದಿಂದ ಬೆಳಗಿನ ಆರೂವರೆಯ ಪೂಜೆಗೆ ತಪ್ಪದೆ ಬಂದ, ದೇವಾಲಯದ ನೆಲ ಒರೆಸಿದ ಅಜ್ಜಿ ಆ ದಿನ ಶಾಮಿಯಾನದ ಕಂಬಕ್ಕೆ ಒರಗಿ ನಿಂತಿರುತ್ತಾಳೆ. ಅವಳು ದೂರು ಹೇಳಿದ್ದನ್ನು ನಾನು ಕೇಳಿಲ್ಲ.

ಈ ವರ್ಷದ ಹಬ್ಬದ ಸಮಿತಿಯ ಸಭೆ ಬರುವ ಭಾನುವಾರ ಎರಡನೆಯ ಪೂಜೆಯ ನಂತರ ಇದೆ. ಶಾಮಿಯಾನ, ಧ್ವನಿವರ್ಧಕ, ಮೆರವಣಿಗೆಯ ದಾರಿ, ಊಟದ ಲೆಕ್ಕ ಎಂದಿನಂತೆ ಚರ್ಚೆಗೆ ಬರುತ್ತವೆ. ಆ ಎರಡು ಸಾಲು ಕುರ್ಚಿಗಳ ವಿಷಯವನ್ನೂ ಸೇರಿಸಿಕೊಳ್ಳುವಂತೆ ಕಾರ್ಯದರ್ಶಿಯವರಿಗೆ ಹೇಳಿದ್ದೇನೆ.